ಅಲೆದಾಟದಲ್ಲಿ ನೆಲೆ ಕಂಡ ಪಂಡಿತಾ ರಮಾಬಾಯಿ

ಸಹ್ಯಾದ್ರಿಯ ಗಂಗಾಮೂಲದ ಅರಣ್ಯದಲ್ಲಿ 1858ರಲ್ಲಿ ಜನಿಸಿದ ರಮಾಬಾಯಿಯವರಿಗೆ ತಾಯಿ ಲಕ್ಷ್ಮೀಬಾಯಿಯವರೇ ಸಂಸ್ಕೃತದ ಗುರು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರ ತೀರ್ಥಯಾತ್ರೆಗಳಲ್ಲಿಯೇ ಬಾಲ್ಯ ಕಳೆಯಿತು, ಸ್ಥಿರವಾದ ಮನೆಯೆಂಬುದಿರಲಿಲ್ಲ. 1870ರ ದಶಕದ ಕ್ಷಾಮದಲ್ಲಿ ತಂದೆತಾಯಿಗಳು ತೀರಿಕೊಂಡರು. ಅಣ್ಣನೊಡನೆ ದೇಶ ಸುತ್ತಿದ ಆಕೆಗೆ ಕಲ್ಕತ್ತೆಯ ವಿದ್ವಾಂಸರು 1878ರಲ್ಲಿ ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನಿತ್ತರು. ಬಿರುದಿನಿಂದ ವಿಧಿ ಕರಗಲಿಲ್ಲ. 1880ರಲ್ಲಿ ಅಣ್ಣ, 1882ರಲ್ಲಿ ಪತಿ ಬಿಪಿನ್ ಬಿಹಾರಿ ಅಗಲಿದರು. ಮಡಿಲಲ್ಲಿ ಉಳಿದುದು ಹಸುಳೆ ಮನೋರಮಾ.

1883ರಲ್ಲಿ ಇಂಗ್ಲೆಂಡಿನ ವಾಂಟೇಜಿನಲ್ಲಿ ಆಕೆ ಕ್ರೈಸ್ತ ದೀಕ್ಷಾಸ್ನಾನ ಪಡೆದರು. ಬಾಲವಿಧವೆಯರ ವಿದ್ಯಾಭ್ಯಾಸಕ್ಕಾಗಿ 1889ರಲ್ಲಿ ಮುಂಬಯಿಯಲ್ಲಿ ತೆರೆದ ಶಾರದಾ ಸದನವು ಮರುವರ್ಷ ಪುಣೆಗೆ ಬಂದಿತು. ಮತಾಂತರದ ಆಕ್ಷೇಪ ಎದ್ದು 1893ರಲ್ಲಿ ಹಲವು ಪಾಲಕರು ತಮ್ಮ ಹೆಣ್ಣುಮಕ್ಕಳನ್ನು ಬಿಡಿಸಿಕೊಂಡು ಹೋದರು. ಆಕೆ ಎದೆಗುಂದಲಿಲ್ಲ. 1896-97ರ ಕ್ಷಾಮದಲ್ಲಿ ಮಧ್ಯಪ್ರಾಂತದಿಂದ ನೂರಾರು ಅನಾಥ ಹೆಣ್ಣುಮಕ್ಕಳನ್ನು ಕರೆತಂದು, ನಮ್ಮ ಸೊಲ್ಲಾಪುರದಿಂದ ಪುಣೆಗೆ ಹೋಗುವ ರೈಲುದಾರಿಯ ಕೆಡಗಾಂವದಲ್ಲಿ ಆಶ್ರಯವಿತ್ತರು. ಅದೇ ಮುಕ್ತಿ ಸದನ. ಹಸಿವಿನಲ್ಲಿ ಹೆತ್ತವರನ್ನು ಕಳೆದುಕೊಂಡವರಿಗೆ ಹಸಿದವರ ಸಂಕಟ ತಿಳಿದಿತ್ತು. ಗುಲಬರ್ಗಾದಲ್ಲಿ, ಅಂದರೆ ಇಂದಿನ ಕಲಬುರಗಿಯಲ್ಲಿ, ಅವರು ಸ್ಥಾಪಿಸಿದ ಶಾಲೆಯನ್ನು ಮನೋರಮಾ ನಡೆಸಿದರು.

1921ರಲ್ಲಿ ಆ ಮಗಳೂ ತೀರಿಕೊಂಡಳು. ತಾಯಿ ತಮ್ಮ ಬೈಬಲಿನ ಮರಾಠಿ ಅನುವಾದವನ್ನು ಮುಗಿಸಿ 1922ರ ಏಪ್ರಿಲ್ 5ರಂದು ಕಣ್ಮುಚ್ಚಿದರು.

ನಾನು ಕ್ರೈಸ್ತನಲ್ಲ. ಆದರೂ ಈ ಚರಿತ್ರೆಯನ್ನು ನಾನು ತರಗತಿಗಳಲ್ಲಿ ಅನೇಕ ಸಲ ಹೇಳಿದ್ದೇನೆ. ಮನೆ, ಬಂಧು, ಮನ್ನಣೆ ಒಂದೊಂದಾಗಿ ಕೈಬಿಟ್ಟರೂ ಅವರ ವಿಶ್ವಾಸ ಕೈಬಿಡಲಿಲ್ಲ. ಆ ಬಲದಿಂದಲೇ ಅವರು ಪರರಿಗೆ ಮನೆ ಕಟ್ಟಿದರು. ಗಡಿನಾಡಿನಲ್ಲಿ ನಾಳೆಯ ಚಿಂತೆಯೊಡನೆ ಐವತ್ತು ವರ್ಷ ನಡೆದುಬಂದ ನಮ್ಮ ಶಾಲೆಯ ಮಕ್ಕಳು ಇದನ್ನು ನೆನೆಯಲೆಂದು ಹಾರೈಸುತ್ತೇನೆ.