ನಗರವೈದ್ಯ ಪ್ಯಾಟ್ರಿಕ್ ಗೆಡ್ಡೆಸ್

ನಗರಗಳು ಬೆಳೆಯತೊಡಗಿದಾಗ ಹಳೆಯ ಕಟ್ಟಡಗಳಿಗೆ ಸಂಕಟಕಾಲ ಒದಗುತ್ತದೆ. ಬೀದಿಗಳು ಅಗಲವಾಗಬೇಕು, ಹೊಸ ಮಳಿಗೆಗಳು ತಲೆಯೆತ್ತಬೇಕು ಎಂಬ ಆತುರದಲ್ಲಿ, ತಲೆಮಾರುಗಳಿಂದ ನಿಂತ ಮನೆಗಳು ಒಂದೇ ದಿನದಲ್ಲಿ ನೆಲಸಮವಾಗುತ್ತವೆ. ಅವುಗಳೊಡನೆ ಅಲ್ಲಿ ಬಾಳಿದವರ ನೆರೆಹೊರೆಯೂ ಚದುರಿಹೋಗುತ್ತದೆ. ರೋಗಿಯನ್ನು ಕೊಂದು ರೋಗವನ್ನು ಗುಣಪಡಿಸಲಾಗದು. ನಗರಕ್ಕೂ ಇದೇ ನಿಯಮ ಅನ್ವಯಿಸುತ್ತದೆ. ಇದನ್ನು ತಮ್ಮ ಬಾಳಿನಿಂದಲೇ ತೋರಿಸಿಕೊಟ್ಟ ಮಹನೀಯರು ಪ್ಯಾಟ್ರಿಕ್ ಗೆಡ್ಡೆಸ್.

ಗೆಡ್ಡೆಸರು 1854ರ ಅಕ್ಟೋಬರ್ 2ರಂದು ಸ್ಕಾಟ್ಲೆಂಡಿನ ಬ್ಯಾಲೆಟರ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಸೈನ್ಯದಲ್ಲಿದ್ದವರು. ಪರ್ತ್ ನಗರದ ಅಂಚಿನಲ್ಲಿದ್ದ ಮನೆಯ ತೋಟದಲ್ಲಿ ತಂದೆಯೊಡನೆ ಗಿಡಗಳನ್ನು ಬೆಳೆಸುತ್ತ ಬಾಲಕನಿಗೆ ಪ್ರಕೃತಿಯಲ್ಲಿ ಆಸಕ್ತಿ ಮೂಡಿತು. ಮುಂದೆ ಅವರು ಲಂಡನ್ನಿಗೆ ಹೋಗಿ ಪ್ರಸಿದ್ಧ ವಿಜ್ಞಾನಿ ಹಕ್ಸ್‌ಲಿಯವರ ಬಳಿ ಜೀವಶಾಸ್ತ್ರವನ್ನು ಅಭ್ಯಾಸ ಮಾಡಿದರು. 1879ರಲ್ಲಿ ಸಂಶೋಧನೆಗೆಂದು ಮೆಕ್ಸಿಕೋ ದೇಶಕ್ಕೆ ಹೋದಾಗ ಅವರ ಕಣ್ಣುಗಳಿಗೆ ಬೇನೆ ತಗುಲಿತು. ಹಲವು ವಾರಗಳ ಕಾಲ ಕತ್ತಲೆಯ ಕೋಣೆಯಲ್ಲಿ ಕುಳಿತಿರಬೇಕಾಯಿತು. ದೃಷ್ಟಿ ಮರಳಿದರೂ ದೀರ್ಘಕಾಲ ಸೂಕ್ಷ್ಮದರ್ಶಕದ ಮುಂದೆ ಕುಳಿತು ದುಡಿಯುವುದು ಕಷ್ಟವಾಯಿತು. ಜೀವಿಯನ್ನು ಅದರ ಪರಿಸರದಿಂದ ಬೇರ್ಪಡಿಸಿ ಅರಿಯಲಾಗದು ಎಂಬುದನ್ನು ಕಲಿತಿದ್ದ ಅವರ ಮನಸ್ಸು ಕ್ರಮೇಣ ಮನುಷ್ಯನ ಪರಿಸರವಾದ ನಗರದ ಕಡೆಗೆ ಹರಿಯಿತು.

ಆ ಕಾಲದಲ್ಲಿ ಎಡಿನ್‌ಬರೋ ನಗರವು ಎರಡು ಹೋಳಾಗಿತ್ತು. ಹದಿನೆಂಟನೆಯ ಶತಮಾನದ ಕೊನೆಯ ಭಾಗದಿಂದ ಸಿರಿವಂತರು ಹೊಸದಾಗಿ ಕಟ್ಟಿದ ಬಡಾವಣೆಗೆ ಹೋಗಿ ನೆಲಸಿದರು. ಅವರು ತೊರೆದ ಹಳೆಯ ಪೇಟೆಯ ಎತ್ತರದ ಕಲ್ಲುಮನೆಗಳಲ್ಲಿ ಬಡವರು ಕಿಕ್ಕಿರಿದು ತುಂಬಿದರು. ಇಕ್ಕಟ್ಟಾದ ಓಣಿಗಳಲ್ಲಿ ಗಾಳಿಯಿಲ್ಲ, ಬೆಳಕಿಲ್ಲ. ಅಂಗಳಗಳಲ್ಲಿ ಕಸದ ರಾಶಿ. ಇವನ್ನೆಲ್ಲ ಕೆಡವಿಹಾಕುವುದೇ ಪರಿಹಾರವೆಂದು ಬಹುಮಂದಿ ನಂಬಿದ್ದರು.

ಗೆಡ್ಡೆಸರು ಬೇರೆ ಮಾರ್ಗವನ್ನು ಹಿಡಿದರು. 1886ರಲ್ಲಿ ಅವರು ಆನಾ ಮಾರ್ಟನ್ ಎಂಬವರನ್ನು ವಿವಾಹವಾದರು. ನವದಂಪತಿಗಳು ಹೊಸ ಬಡಾವಣೆಯ ಸುಖವನ್ನು ಬಿಟ್ಟು ಹಳೆಯ ಪೇಟೆಯ ಜೇಮ್ಸ್ ಕೋರ್ಟ್ ಎಂಬ ಶಿಥಿಲವಾದ ವಠಾರದಲ್ಲಿ ಸಂಸಾರ ಹೂಡಿದರು. ತಾವೇ ಕಸ ಗುಡಿಸಿದರು, ಗೋಡೆಗಳಿಗೆ ಸುಣ್ಣ ಬಳಿದರು, ಕಿಟಕಿಗಳಲ್ಲಿ ಹೂಗಿಡಗಳನ್ನಿಟ್ಟರು. ಮೊದಲು ಅಚ್ಚರಿಯಿಂದ ನೋಡುತ್ತಿದ್ದ ನೆರೆಯವರು ಮೆಲ್ಲಮೆಲ್ಲನೆ ಅವರ ಜೊತೆಗೂಡಿದರು. ಪಾಳುಬಿದ್ದ ಪುಟ್ಟ ನಿವೇಶನಗಳು ಮಕ್ಕಳು ಆಡುವ ಉದ್ಯಾನಗಳಾದವು. 1888ರಲ್ಲಿ ಗೆಡ್ಡೆಸರು ಡಂಡಿ ನಗರದ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾದರು. ಅಲ್ಲಿ ಬೇಸಗೆಯಲ್ಲಿ ಮಾತ್ರ ಪಾಠ ಹೇಳಬೇಕಾಗಿದ್ದುದರಿಂದ ವರ್ಷದ ಉಳಿದ ಕಾಲವನ್ನು ಈ ಕಾರ್ಯಕ್ಕೆ ಮೀಸಲಿಡಲು ಅವರಿಗೆ ಅನುಕೂಲವಾಯಿತು.

ಹಳೆಯ ಕಟ್ಟಡ ಉಳಿಯಬೇಕಾದರೆ ಅದಕ್ಕೊಂದು ಹೊಸ ಕೆಲಸ ದೊರೆಯಬೇಕೆಂಬುದು ಅವರ ನಂಬುಗೆ. ರಿಡಲ್ಸ್ ಕೋರ್ಟ್ ಎಂಬ ಮನೆ ಇದಕ್ಕೆ ಉತ್ತಮ ನಿದರ್ಶನ. 1590ರ ದಶಕದಲ್ಲಿ ಶ್ರೀಮಂತ ವರ್ತಕನೊಬ್ಬನು ಕಟ್ಟಿಸಿದ ಆ ಮನೆಯಲ್ಲಿ 1598ರಲ್ಲಿ ಅರಸನೂ ರಾಣಿಯೂ ಭಾಗವಹಿಸಿದ ಔತಣ ನಡೆದಿತ್ತು. ಮೂರು ಶತಮಾನಗಳ ತರುವಾಯ ಅದು ಬಡವರು ಇಕ್ಕಟ್ಟಿನಲ್ಲಿ ಬದುಕುವ ವಠಾರವಾಗಿತ್ತು. ಗೆಡ್ಡೆಸರು ಅದನ್ನು ದುರಸ್ತಿಗೊಳಿಸಿ ವಿದ್ಯಾರ್ಥಿನಿಲಯವನ್ನಾಗಿ ಮಾರ್ಪಡಿಸಿದರು. 1892ರಲ್ಲಿ ಕೋಟೆಯ ಬಳಿಯ ಹಳೆಯ ಗೋಪುರವೊಂದನ್ನು ಪಡೆದು ಅದನ್ನು ವಸ್ತುಸಂಗ್ರಹಾಲಯವಾಗಿಸಿದರು. ಅದರ ತುದಿಯ ಕತ್ತಲೆಯ ಕೋಣೆಯಲ್ಲಿ, ಕನ್ನಡಿ ಮತ್ತು ಮಸೂರಗಳ ಸಹಾಯದಿಂದ, ಹೊರಗಿನ ನಗರದ ಬಿಂಬವು ಬಿಳಿಯ ಮೇಜಿನ ಮೇಲೆ ಮೂಡುತ್ತಿತ್ತು. ಕೆಳಗಿನ ಅಂತಸ್ತುಗಳಿಗೆ ಇಳಿದಂತೆಲ್ಲ ನಗರ, ನಾಡು, ಯೂರೋಪು, ಜಗತ್ತು ಎಂಬಂತೆ ನೋಟವು ವಿಸ್ತಾರಗೊಳ್ಳುತ್ತಿತ್ತು. ಇಂತಹ ಸಾಹಸಗಳಿಂದ ಅವರಿಗೆ ಹಣದ ಮುಗ್ಗಟ್ಟೂ ಒದಗಿತು. ಕಡೆಗೆ 1896ರಲ್ಲಿ ಸ್ನೇಹಿತರು ಸಂಘವೊಂದನ್ನು ಕಟ್ಟಿ ಆಸ್ತಿಗಳ ಹೊಣೆಯನ್ನು ವಹಿಸಿಕೊಳ್ಳಬೇಕಾಯಿತು.

1914ರಲ್ಲಿ ಮದರಾಸಿನ ಗವರ್ನರರ ಆಹ್ವಾನದ ಮೇರೆಗೆ ಗೆಡ್ಡೆಸರು ಭಾರತಕ್ಕೆ ಬಂದರು. ನಗರಗಳನ್ನು ಕುರಿತ ಅವರ ಪ್ರದರ್ಶನದ ಚಿತ್ರಗಳೂ ನಕ್ಷೆಗಳೂ ಬೇರೊಂದು ಹಡಗಿನಲ್ಲಿ ಬರುತ್ತಿದ್ದವು. ಜರ್ಮನರ ಎಮ್ಡೆನ್ ಎಂಬ ಯುದ್ಧನೌಕೆ ಆ ಹಡಗನ್ನು ಮುಳುಗಿಸಿತು. ವರ್ಷಗಳ ಶ್ರಮ ಸಮುದ್ರದ ಪಾಲಾದರೂ ಅವರು ಎದೆಗುಂದಲಿಲ್ಲ. ಮಿತ್ರರು ಕೂಡಿಸಿ ಕಳುಹಿಸಿದ ಹೊಸ ಸಾಮಗ್ರಿಯಿಂದ 1915ರಲ್ಲಿ ಮದರಾಸಿನಲ್ಲಿ ಪ್ರದರ್ಶನವನ್ನು ಏರ್ಪಡಿಸಿಯೇ ತೀರಿದರು.

ಮುಂದಿನ ವರ್ಷಗಳಲ್ಲಿ ಅವರು ನಮ್ಮ ದೇಶದ ಹತ್ತಾರು ನಗರಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿ ವರದಿಗಳನ್ನು ಬರೆದರು. ತಂಜಾವೂರಿನ ಕೋಟೆಯೊಳಗಿನ ದಟ್ಟವಾದ ವಸತಿಯ ನಡುವೆ ನೇರವಾದ ಬೀದಿಗಳನ್ನು ಹಾಯಿಸುವ ಯೋಜನೆಯೊಂದು ಸಿದ್ಧವಾಗಿತ್ತು. ಅದರಂತೆ ನಡೆದಿದ್ದರೆ ಅನೇಕ ಮನೆಗಳು ಉರುಳಿ, ಅಲ್ಲಿದ್ದವರು ಬೀದಿಪಾಲಾಗುತ್ತಿದ್ದರು. ಗೆಡ್ಡೆಸರು ಪ್ರತಿಯೊಂದು ಓಣಿಯನ್ನೂ ಪರಿಶೀಲಿಸಿದರು. ದುರಸ್ತಿಗೆ ಸಿಗದ ಕೆಲವೇ ಮನೆಗಳನ್ನು ತೆಗೆದು, ಅಲ್ಲಲ್ಲಿ ಸಣ್ಣ ಬಯಲುಗಳನ್ನು ಬಿಡಿಸಿ, ಮರಗಳನ್ನು ನೆಟ್ಟರೆ ಸಾಕೆಂದು ಸೂಚಿಸಿದರು. ಇದಕ್ಕೆ ತಗಲುವ ವೆಚ್ಚವೂ ಬಹಳ ಕಡಿಮೆ. ಕೆಟ್ಟ ಭಾಗವನ್ನಷ್ಟೇ ತೆಗೆದು ಜೀವವನ್ನು ಉಳಿಸುವ ಈ ವಿಧಾನವನ್ನು ಅವರು ಶಸ್ತ್ರಚಿಕಿತ್ಸೆಗೆ ಹೋಲಿಸಿದರು.

ಇಂದೋರಿನಲ್ಲಿ ಪ್ಲೇಗಿನ ಭೀತಿ ಕವಿದಿದ್ದಾಗ, ದೀಪಾವಳಿಯ ಮೆರವಣಿಗೆಯು ಹೆಚ್ಚು ಶುಚಿಯಾದ ಬೀದಿಗಳಲ್ಲಿ ಸಾಗುವುದೆಂದು ಅವರು ಸಾರಿಸಿದರು. ಜನರು ಹುರುಪಿನಿಂದ ಮನೆಗಳನ್ನು ದುರಸ್ತಿ ಮಾಡಿ ಸುಣ್ಣ ಬಳಿದರು. ಬಂಡಿಗಟ್ಟಲೆ ಕಸ ಊರಾಚೆಗೆ ಹೋಯಿತು. ಮೆರವಣಿಗೆಯಲ್ಲಿ ಪೌರಕಾರ್ಮಿಕರಿಗೆ ಗೌರವದ ಸ್ಥಾನ ದೊರೆಯಿತು. ಜನರ ಸಹಕಾರವಿಲ್ಲದೆ ನಗರವನ್ನು ಸುಧಾರಿಸಲಾಗದೆಂಬ ಪಾಠ ಇದರಲ್ಲಿ ಅಡಗಿದೆ.

1917ನೆಯ ವರ್ಷ ಅವರ ಬಾಳಿನಲ್ಲಿ ದಾರುಣವಾದುದು. ಏಪ್ರಿಲ್ ತಿಂಗಳಿನಲ್ಲಿ ಹಿರಿಯ ಮಗ ಫ್ರಾನ್ಸಿನ ರಣರಂಗದಲ್ಲಿ ಮಡಿದನು. ಕಲ್ಕತ್ತೆಯಲ್ಲಿ ಹಾಸಿಗೆ ಹಿಡಿದಿದ್ದ ಪತ್ನಿಗೆ ಈ ಸುದ್ದಿಯನ್ನು ತಿಳಿಸಲು ಮನಸ್ಸಾಗದೆ, ಅವರು ಮಗನ ಹಳೆಯ ಕಾಗದಗಳನ್ನೇ ಆಕೆಗೆ ಓದಿ ಹೇಳುತ್ತಿದ್ದರು. ಜೂನ್ ತಿಂಗಳಿನಲ್ಲಿ ಆಕೆಯೂ ಕಣ್ಮುಚ್ಚಿದರು. ದುಃಖವನ್ನು ನುಂಗಿಕೊಂಡು ಗೆಡ್ಡೆಸರು ದುಡಿಮೆಯನ್ನು ಮುಂದುವರಿಸಿದರು. 1919ರಿಂದ 1924ರವರೆಗೆ ಮುಂಬಯಿ ವಿಶ್ವವಿದ್ಯಾನಿಲಯದಲ್ಲಿ ಸಮಾಜಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಅನಂತರ ಫ್ರಾನ್ಸಿನ ಮಾಂಪೆಲಿಯೆ ನಗರದಲ್ಲಿ ನೆಲಸಿ, 1932ರ ಏಪ್ರಿಲ್ 17ರಂದು ಅಲ್ಲಿಯೇ ನಿಧನ ಹೊಂದಿದರು.

ಅವರ ಸಲಹೆಗಳಲ್ಲಿ ಎಷ್ಟೋ ಕಾಗದದ ಮೇಲೆಯೇ ಉಳಿದವು. ಆದರೆ ಅವರು ಬದುಕಿಸಿದ ರಿಡಲ್ಸ್ ಕೋರ್ಟ್ 2017ರಲ್ಲಿ ಮತ್ತೊಮ್ಮೆ ಜೀರ್ಣೋದ್ಧಾರಗೊಂಡು, ಅವರದೇ ಹೆಸರಿನ ಶಿಕ್ಷಣಕೇಂದ್ರವಾಗಿ ಬಾಗಿಲು ತೆರೆಯಿತು. ಹಳೆಯದೆಂಬ ಕಾರಣಕ್ಕೆ ಯಾವುದನ್ನೂ ಪೂಜಿಸದೆ, ಹಳೆಯದೆಂಬ ಕಾರಣಕ್ಕೆ ಯಾವುದನ್ನೂ ಕೆಡವದೆ, ಅದರಲ್ಲಿ ವಾಸಿಸುವ ಮನುಷ್ಯನ ಹಿತವನ್ನೇ ಅಳತೆಗೋಲಾಗಿ ಹಿಡಿದ ಗೆಡ್ಡೆಸರ ದಾರಿ, ದಿನದಿನಕ್ಕೂ ಬೆಳೆಯುತ್ತಿರುವ ನಮ್ಮ ನಗರಗಳಿಗೆ ಇಂದಿಗೂ ಬೆಳಕಾಗಬಲ್ಲುದು.