ನಂದಗಡದ ಆಲದ ನೆರಳಲ್ಲಿ ಸಂಗೊಳ್ಳಿ ರಾಯಣ್ಣ

ಹಳಿಯಾಳಕ್ಕೆ ಹೊಂದಿಕೊಂಡ ಖಾನಾಪುರ ತಾಲೂಕಿನ ನಂದಗಡದಲ್ಲಿ ದಾರಿಹೋಕರನ್ನು ನಿಲ್ಲಿಸುವ ಎರಡು ಗುರುತುಗಳಿವೆ: ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ಸ್ಥಳ ಮತ್ತು ಅವನ ಸಮಾಧಿಯ ಬಳಿಯ ಆಲದ ಮರ.

1798ರಲ್ಲಿ ಜನಿಸಿದ ರಾಯಣ್ಣ ಅರಸು ಮನೆತನದವನಲ್ಲ. ಸೇವೆಗೆ ಪ್ರತಿಯಾಗಿ ಭೂಮಿ ಪಡೆದಿದ್ದ ಕಿತ್ತೂರಿನ ಶೇತಸನದಿ ಅವನು. 1824ರ ಡಿಸೆಂಬರ್‌ನಲ್ಲಿ ಕಿತ್ತೂರು ಪತನವಾದ ಬಳಿಕ ಕಂಪನಿ ಸರ್ಕಾರ ಇಂಥವರ ಹೊಲಗಳನ್ನು ಕಸಿದುಕೊಂಡಿತು. ಉಳಿದುದಕ್ಕೆ ಭಾರೀ ಕಂದಾಯ ಹೇರಿತು. 1829ರಲ್ಲಿ ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲೇ ನಿಧನ ಹೊಂದಿದಳು.

ರಾಯಣ್ಣ ದತ್ತುಪುತ್ರ ಶಿವಲಿಂಗಪ್ಪನನ್ನು ಗಾದಿಗೇರಿಸಲು ಪಣ ತೊಟ್ಟು, ಕಾಡನ್ನೇ ಕೋಟೆಯಾಗಿಸಿಕೊಂಡು ಕಾದಾಡಿದ. ಬೀಡಿ, ಸಂಪಗಾವಿಯ ಕಚೇರಿಗಳು ಉರಿದವು. ಅವನ ಕಣ್ಣು ಖಜಾನೆಯ ಮೇಲಷ್ಟೇ ಅಲ್ಲ, ಭೂದಾಖಲೆಗಳ ಮೇಲೂ ಇತ್ತು. ರೈತನ ಹೊಲ ಕೈತಪ್ಪುತ್ತಿದ್ದುದು ಆ ಕಾಗದಗಳಲ್ಲೇ ಅಲ್ಲವೆ? ಇಂದಿಗೂ ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ನೆಲೆಸಿರುವ ಸಿದ್ದಿ ಸಮುದಾಯದ ಗಜವೀರ ಅವನ ಬಂಟನಾಗಿದ್ದನೆಂದು ಜನಪದರು ನಂಬುತ್ತಾರೆ.

ಬಂದೂಕಿಗೆ ಸಿಗದವನು ವಂಚನೆಗೆ ಸಿಕ್ಕಿದ. 1830ರ ಏಪ್ರಿಲ್‌ನಲ್ಲಿ ಡೋರಿ ಹಳ್ಳದಲ್ಲಿ ಸ್ನಾನಕ್ಕಿಳಿದಾಗ, ನಂಬಿದವರೇ ಅವನನ್ನು ಹಿಡಿದುಕೊಟ್ಟರು. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು. ಸಮಾಧಿಯ ಬಳಿ ಒಡನಾಡಿಯೊಬ್ಬ ನೆಟ್ಟನೆಂದು ಹೇಳಲಾಗುವ ಆಲದ ಕೊಂಬೆಗಳಿಗೆ, ಮಕ್ಕಳಾಗಲೆಂದು ಹರಕೆ ಹೊತ್ತವರು ಪುಟ್ಟ ತೊಟ್ಟಿಲುಗಳನ್ನು ಕಟ್ಟುತ್ತಾರೆ.