57ರಲ್ಲಿ 54 ಮಂದಿಗೆ ಮರುಕಳಿಸಿತು ಕ್ಯಾನ್ಸರ್: ಚಿಕಿತ್ಸೆಯ ದಾರಿ ಬದಲಿಸಿದ ಸರ್ಜನ್ ಅರ್ನೆಸ್ಟ್ ಮೈಲ್ಸ್

ಗುದನಾಳದ ಕ್ಯಾನ್ಸರ್ ಬಂದಾಗ ಗಡ್ಡೆಯನ್ನಷ್ಟೇ ತೆಗೆದರೆ ಸಾಕೇ ಅಥವಾ ಇಡೀ ಗುದನಾಳವನ್ನೇ ತೆಗೆಯಬೇಕೇ? ಈ ಪ್ರಶ್ನೆಯೊಂದಿಗೆ ಬದುಕಿಡೀ ಸೆಣಸಿದವರು ಲಂಡನ್ನಿನ ಶಸ್ತ್ರವೈದ್ಯ ವಿಲಿಯಂ ಅರ್ನೆಸ್ಟ್ ಮೈಲ್ಸ್.

1869ರಲ್ಲಿ ಜನಿಸಿದ ಮೈಲ್ಸ್, ಸೇಂಟ್ ಬಾರ್ಥಲೋಮಿವ್ಸ್ ಆಸ್ಪತ್ರೆಯಲ್ಲಿ ವೈದ್ಯಕೀಯ ಕಲಿತು ಮುಂದೆ ಲಂಡನ್ನಿನ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಸರ್ಜನ್ ಆದರು. ಆ ಕಾಲದಲ್ಲಿ ಹೊಟ್ಟೆ ತೆರೆಯದೆ, ಗುದದ್ವಾರದ ಕಡೆಯಿಂದಲೇ ಗಡ್ಡೆ ತೆಗೆಯುವುದು ರೂಢಿಯಲ್ಲಿತ್ತು. ಆ್ಯಂಟಿಬಯೋಟಿಕ್ ಇಲ್ಲದ ದಿನಗಳಲ್ಲಿ ಹೊಟ್ಟೆ ತೆರೆಯುವುದೆಂದರೆ ಸೋಂಕಿಗೆ ಬಾಗಿಲು ತೆರೆದಂತೆ. ಮೈಲ್ಸ್ ಕೂಡ 1899ರಿಂದ 1906ರವರೆಗೆ 57 ರೋಗಿಗಳಿಗೆ ಇದೇ ರೀತಿ ಶಸ್ತ್ರಚಿಕಿತ್ಸೆ ಮಾಡಿದರು. ಅವರಲ್ಲಿ 54 ಮಂದಿಗೆ ಮೂರು ವರ್ಷದೊಳಗೆ ಕ್ಯಾನ್ಸರ್ ಮರಳಿ ಬಂತು.

ಈ ಸೋಲಿಗೆ ಕಾರಣ ಹುಡುಕಲು ಅವರು ಮೃತ ರೋಗಿಗಳ ಮರಣೋತ್ತರ ಪರೀಕ್ಷೆಯ ಮೊರೆ ಹೋದರು. ಕತ್ತರಿಸಿದ ಜಾಗಕ್ಕಿಂತ ಮೇಲೆ, ಹೊಟ್ಟೆಯೊಳಗಿನ ದುಗ್ಧಗ್ರಂಥಿಗಳಲ್ಲಿ ರೋಗ ಅಡಗಿತ್ತು. ಕೆಳಗಿನಿಂದ ಎಷ್ಟೇ ಕತ್ತರಿಸಿದರೂ ಅಲ್ಲಿಗೆ ಕೈ ಎಟುಕುತ್ತಿರಲಿಲ್ಲ.

ಹೊಟ್ಟೆ ಮತ್ತು ಗುದದ್ವಾರ ಎರಡೂ ಕಡೆಯಿಂದ ಗುದನಾಳವನ್ನು ಗ್ರಂಥಿಗಳ ಸಮೇತ ತೆಗೆಯುವ ವಿಧಾನವನ್ನು ಅವರು 1908ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ವಿವರಿಸಿದರು. ಬೆಲೆ ದುಬಾರಿಯಾಗಿತ್ತು. ಮೊದಲ 12 ರೋಗಿಗಳಲ್ಲಿ 5 ಮಂದಿ ಶಸ್ತ್ರಚಿಕಿತ್ಸೆಯ ಬಳಿಕ ಉಳಿಯಲಿಲ್ಲ. ಬದುಕಿದವರು ಮಲ ಹೊರಹೋಗಲು ಹೊಟ್ಟೆಯ ಮೇಲೆ ಮಾಡಿದ ಕೃತಕ ದ್ವಾರದೊಂದಿಗೆ, ಅಂದರೆ ಕೊಲೊಸ್ಟಮಿಯೊಂದಿಗೆ, ಜೀವನಪೂರ್ತಿ ಇರಬೇಕಿತ್ತು. ಅದೇ ನಗರದ ಲಾಕ್‌ಹಾರ್ಟ್ ಮಮ್ಮರಿಯಂಥ ಹೆಸರಾಂತ ಸರ್ಜನ್‌ಗಳು ಸಾವಿನ ಅಪಾಯ ಕಡಿಮೆಯೆಂದು ಹಳೆಯ ವಿಧಾನವನ್ನೇ ಮುಂದುವರಿಸಿದರು. ಆದರೆ ಕ್ಯಾನ್ಸರ್ ಮರುಕಳಿಸುವುದು ಕಡಿಮೆಯಾದಂತೆ ಮೈಲ್ಸ್ ವಿಧಾನವೇ ದಶಕಗಳ ಕಾಲ ಪ್ರಮುಖ ಚಿಕಿತ್ಸೆಯಾಯಿತು.

1947ರಲ್ಲಿ ಮೈಲ್ಸ್ ತೀರಿಕೊಂಡರು. ಅವರ ಎಲ್ಲ ಎಣಿಕೆಗಳೂ ನಿಜವಾಗಲಿಲ್ಲ. ರೋಗ ಕೆಳಮುಖವಾಗಿಯೂ ಹರಡುತ್ತದೆ ಎಂದು ಅವರು ನಂಬಿದ್ದರು. ಅದು ಅಪರೂಪವೆಂದು ಕತ್ಬರ್ಟ್ ಡ್ಯೂಕ್ಸ್ ಮೊದಲಾದವರ ಅಧ್ಯಯನ ತೋರಿಸಿತು. ಇದರಿಂದ ಅನೇಕರಲ್ಲಿ ಗುದದ್ವಾರ ಉಳಿಸಿ ಕರುಳನ್ನು ಮತ್ತೆ ಜೋಡಿಸುವುದು ಸಾಧ್ಯವಾಯಿತು.

1980ರ ದಶಕದಲ್ಲಿ ಜರ್ಮನಿಯ ಗೆರ್ಹಾರ್ಡ್ ಬ್ಯೂಸ್ ರೂಪಿಸಿದ ಉಪಕರಣದಿಂದ, ಗುದದ್ವಾರದ ಮೂಲಕವೇ ಗಡ್ಡೆಯನ್ನಷ್ಟೇ ತೆಗೆಯುವ ಚಿಕಿತ್ಸೆ ಹೊಸ ರೂಪದಲ್ಲಿ ಮರಳಿತು. ಆದರೆ ಅದು ಮುಖ್ಯವಾಗಿ ಆರಂಭಿಕ ಹಂತದ, ಆಳಕ್ಕೆ ಇಳಿಯದ ಸಣ್ಣ ಗಡ್ಡೆಗಳಿಗೆ ಮಾತ್ರ. ಸ್ಕ್ಯಾನ್, ಬಯಾಪ್ಸಿ ನೋಡಿಯೇ ವೈದ್ಯರು ನಿರ್ಧರಿಸುತ್ತಾರೆ. ಈ ಚಿಕಿತ್ಸೆಯಲ್ಲಿ ದುಗ್ಧಗ್ರಂಥಿಗಳು ಒಳಗೇ ಉಳಿಯುತ್ತವೆ. ಅಲ್ಲಿ ರೋಗ ಅಡಗಿದ್ದರೆ ಏನಾಗುತ್ತದೆ ಎಂಬುದನ್ನು ಮೈಲ್ಸ್ ಅವರ ಆ 54 ರೋಗಿಗಳೇ ತೋರಿಸಿಕೊಟ್ಟಿದ್ದರು.